ಮರಳಿ ಮರಳಿ ಬಂದ ಕೋವಿ

ಕೆಲವು ಕೋವಿಗಳಲ್ಲಿ, ಗುಂಡು ಹಾರಿಸಲು ಬೆರಳಿಂದ ಎಳೆಯುವ ಕುದುರೆಯ ಸುತ್ತ, ಒಂದು ಕಬ್ಬಿಣದ ಬಳೆ ಇರುತ್ತದೆ. ಕೆಳಕ್ಕೆ ದೂಡಿದರೆ ಸುಟ್ಟ ತೋಟೆ ಹೊರಗೆ ಹಾರುತ್ತದೆ, ಮೇಲಕ್ಕೆಳೆದರೆ ಹೊಸ ತೋಟೆ ಒಳಗೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಒಂದು ಹೆಸರಿತ್ತು. ಕೊಕ್ಕೆ... ಅಲ್ಲ. ಕೊಂಡಿ... ಅದೂ ಅಲ್ಲ. ಹೋಗಲಿ, ಬಳೆ ಎಂದೇ ಹೇಳುತ್ತೇನೆ.

ಅಂಥ ಕೋವಿಗಳನ್ನು ರಿಪೇರಿ ಮಾಡುವ ಮೋನಪ್ಪಾಚಾರಿಯ ಕುಲುಮೆ ಹೊಳೆಯ ದಂಡೆಯಲ್ಲಿತ್ತು. ಕಲ್ಲೇಶ ಅವರ ಶಿಷ್ಯ. ಏಳು ದಿನದ ದಾರಿ ನಡೆದು ಬಯಲುಸೀಮೆಯಿಂದ ಬಂದವನು. ಬಂದು ಒಂಬತ್ತು ವರ್ಷವಾಗಿತ್ತು.

"ಗುರುಗಳೇ, ಊರಿಗೆ ಯಾವಾಗ ಹೋಗಲಿ? ಅಮ್ಮನ ಮುಖ ಕಣ್ಣಿಗೆ ಮಸುಕಾಗುತ್ತಾ ಬಂತು."

ಪ್ರತಿ ವರ್ಷ ಕೇಳುತ್ತಿದ್ದ. ಗುರು ಕಿವುಡರಂತೆ ತಿದಿ ಒತ್ತುತ್ತಿದ್ದರು. ಈ ವರ್ಷ ಮಾತ್ರ ತಲೆಯೆತ್ತಿದರು.

"ಇನ್ನು ಬರುವ ಮೊದಲ ಕೋವಿ ನಿನ್ನದು. ನಾನು ಮುಟ್ಟುವುದಿಲ್ಲ. ನಿನ್ನ ಕೈ ದಾಟಿ ಹೋದದ್ದು ಆರು ತಿಂಗಳು ಮರಳಿ ಬರದಿದ್ದರೆ, ಹೊರಡು."

ಮೊದಲ ಕೋವಿ ತಂದವಳು ಚೋಂದಮ್ಮ. ಗಂಡನ ಕೋವಿ. ಅವನು ತೀರಿಕೊಂಡು ಎರಡು ವರ್ಷ.

"ಬಳೆ ಸಿಕ್ಕಿಕೊಳ್ತದೆ ಆಚಾರಿ. ಹಂದಿ ನನ್ನ ಗೆಣಸು ತಿಂದು ನನ್ನನ್ನೇ ನೋಡಿ ನಗ್ತದೆ."

ಕಲ್ಲೇಶ ಕೋವಿಯನ್ನು ಬಿಚ್ಚಿದ. ಒರಟಾಗಿದ್ದಲ್ಲಿ ಅರ ಆಡಿಸಿದ, ಎಣ್ಣೆ ಕೊಟ್ಟ. ಮದ್ದಿಲ್ಲದ ತೋಟೆ ತುಂಬಿ ನೂರು ಸಲ ಬಳೆ ಆಡಿಸಿದ. ಒಮ್ಮೆಯೂ ಸಿಕ್ಕಲಿಲ್ಲ.

ವಾರದಲ್ಲಿ ಕೋವಿ ಮರಳಿ ಬಂತು. ಅವನು ಸ್ಪ್ರಿಂಗು ಬದಲಿಸಿದ. ಮತ್ತೆ ಬಂತು. ಬಳೆಗೆ ಸೇರಿದ ಒಳಗಿನ ತುಂಡೊಂದನ್ನು ಹೊಸದಾಗಿ ಕಾಸಿ ಬಡಿದು ಕೂರಿಸಿದ. ಮತ್ತೂ ಬಂತು.

"ನಿನ್ನ ಕೈಗುಣ ದೊಡ್ಡದಪ್ಪ," ಎಂದಳು ಚೋಂದಮ್ಮ. "ಈ ಕೋವಿಗೆ ನಮ್ಮ ಮನೆಯ ದಾರಿಯೇ ಮರೆತುಹೋಗಿದೆ."

ಕಲ್ಲೇಶನ ಕಣ್ಣು ತುಂಬಿತು. "ಉಕ್ಕೇ ಸರಿಯಿಲ್ಲ ಗುರುಗಳೇ. ಮಾಡಿದವರೇ ನೋಡದೆ ಕಳಿಸಿದ್ದಾರೆ. ಇದು ನನ್ನನ್ನು ಊರಿಗೆ ಬಿಡುವುದಿಲ್ಲ."

"ಮೂರು ಸಲ ನೀನು ಕೋವಿ ನೋಡಿದೆ," ಎಂದರು ಗುರು. "ಕೈ ನೋಡಿದೆಯಾ?"

"ಯಾರ ಕೈ?"

ಗುರು ಕಲ್ಲೇಶನ ಕೈಯಿಂದಲೇ ಕೋವಿಗೆ ಮದ್ದಿಲ್ಲದ ತೋಟೆ ತುಂಬಿಸಿ ಚೋಂದಮ್ಮನಿಗೆ ಕೊಡಿಸಿದರು.

ಅವಳು ಬಳೆಯನ್ನು ಅರ್ಧ ದೂಡಿದಳು. ಅಲ್ಲಿಂದಲೇ ಮೇಲಕ್ಕೆಳೆದಳು. ಹಳೆಯ ತೋಟೆ ಹೊರಗೆ ಬರಲಿಲ್ಲ, ಹೊಸದು ಒಳಗೆ ಹೋಗಲಿಲ್ಲ. ಬಳೆ ಸಿಕ್ಕಿಕೊಂಡಿತು.

"ಅಯ್ಯೋ, ಪೂರ್ತಿ ದೂಡಬೇಕು ಅವ್ವ!" ಎಂದ ಕಲ್ಲೇಶ.

"ಗೊತ್ತು."

"ಗೊತ್ತಿದ್ದೂ ಮತ್ತೆ?"

"ಪೂರ್ತಿ ದೂಡಿದರೆ ಸದ್ದಾಗ್ತದೆ." ಚೋಂದಮ್ಮ ಹೊಳೆಯ ಕಡೆ ತಿರುಗಿದಳು. "ಅವರು ಬೆಳಗಿನ ಜಾವ ಅಂಗಳದಲ್ಲಿ ನಿಂತು ಒಂದು ಸಲ ಬಳೆ ಆಡಿಸಿ ಹೊರಡ್ತಿದ್ದರು. ಹೋಗಿ ಬರ್ತೇನೆ ಅಂತ ಬಾಯಲ್ಲಿ ಹೇಳಿದವರಲ್ಲ. ಆ ಸದ್ದೇ ಹೇಳ್ತಿತ್ತು. ಈಗ ಅರ್ಧಕ್ಕೆ ಬಂದರೆ ನನ್ನ ಕೈ ತಾನೇ ನಿಲ್ತದೆ. ರಿಪೇರಿಯಾದರೆ ಅರ್ಧ ದೂಡಿದರೂ ಸಾಕಾದೀತು ಅಂದುಕೊಂಡೆ."

ಕಲ್ಲೇಶ ಅರವನ್ನು ಕೆಳಗಿಟ್ಟ. ಅದರಿಂದ ಉಜ್ಜುವಂಥದ್ದು ಏನೂ ಇರಲಿಲ್ಲ.

"ನಾನು ಮನೆ ಬಿಟ್ಟಾಗ ಬಾಗಿಲ ಅಗುಳಿಯನ್ನು ಸದ್ದಾಗದಂತೆ ಎತ್ತಿದೆ ಅವ್ವ," ಎಂದ. "ಅಮ್ಮ ಮಲಗಿದ್ದಳು. ಎದ್ದಿದ್ದರೆ ನನಗೆ ಹೋಗಲು ಆಗುತ್ತಿರಲಿಲ್ಲ."

ಚೋಂದಮ್ಮ ಅವನನ್ನೇ ದಿಟ್ಟಿಸಿದಳು.

"ಪಾಪಿ! ಅವಳಿಗೆ ಆ ಸದ್ದಾದರೂ ಉಳೀತಿತ್ತಲ್ಲೋ."

ಹೇಳಿದವಳು ತನ್ನ ಮಾತನ್ನು ತಾನೇ ಕೇಳಿಸಿಕೊಂಡವಳಂತೆ ನಿಂತುಬಿಟ್ಟಳು.

ಕಲ್ಲೇಶ ಸಿಕ್ಕಿಕೊಂಡ ತೋಟೆ ಬಿಡಿಸಿ, ಮತ್ತೆ ಸರಿಯಾಗಿ ಕೂರಿಸಿ, ಕೋವಿಯನ್ನು ಮತ್ತೆ ಅವಳ ಕೈಗಿಟ್ಟ. ಅವಳು ಬಳೆ ಹಿಡಿದಳು. ಕೊನೆಯವರೆಗೂ ದೂಡಿದಳು.

ಕಟಕ್.

ಹಳೆಯ ತೋಟೆ ಹಾರಿ ಮರಳಿನ ಮೇಲೆ ಬಿತ್ತು. ಚೋಂದಮ್ಮ ಅಲ್ಲೇ ಕುಳಿತು ಮನಸಾರೆ ಅತ್ತಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಕೋವಿಯನ್ನು ಹೆಗಲಿಗೇರಿಸಿ ನಡೆದಳು.

ಆರು ತಿಂಗಳು ಕಳೆಯಿತು. ಕೋವಿ ಬರಲಿಲ್ಲ. ಒಂದು ಬುಟ್ಟಿ ಗೆಣಸು ಬಂತು.

ಹೊರಡುವ ಬೆಳಿಗ್ಗೆ ಕಲ್ಲೇಶ ಗುರುಗಳ ಕಾಲಿಗೆ ಬಿದ್ದ. ಒಂಬತ್ತೂವರೆ ವರ್ಷ ಕಾದ ದಿನ ಅದು. ಆದರೂ ಅವನ ಕಾಲು ಏಳಲಿಲ್ಲ.

"ನನ್ನ ಅರ, ಸುತ್ತಿಗೆ ಇಲ್ಲೇ ಇರಲಿ ಗುರುಗಳೇ. ಅಮ್ಮನನ್ನು ನೋಡಿ ಬಂದುಬಿಡುತ್ತೇನೆ."

ಗುರು ಎದ್ದರು. ಅರ, ಸುತ್ತಿಗೆ, ಅವನು ಕೂರುತ್ತಿದ್ದ ಗೋಣಿತಾಟು, ಎಲ್ಲವನ್ನೂ ತಾವೇ ಗಂಟು ಕಟ್ಟಿ ಅವನ ಹೆಗಲಿಗೆ ಹಾಕಿದರು. ಅವನೊಂದಿಗೆ ಹೊರಗೆ ಬಂದು ಕುಲುಮೆಯ ಬಾಗಿಲನ್ನು ಮುಂದಕ್ಕೆಳೆದು, ಅಗುಳಿಯನ್ನು ಅವನ ಕೈಯಲ್ಲೇ ಹಿಡಿಸಿದರು.

"ಜೋರಾಗಿ ಹಾಕಿ ಹೋಗಪ್ಪ. ನನಗೂ ಕೇಳಿಸಲಿ."