ಮತ್ತಿ ಮರಕ್ಕೆ ಎಟುಕದ ಹುರಿ

ಕಾಡಂಚಿನ ಕಲ್ಲುಮಾಳ ಎಂಬ ಊರಿನಲ್ಲಿ ಜವರಯ್ಯ ಎಂಬ ಹಗ್ಗ ಹೊಸೆಯುವವನಿದ್ದ. ಆಳು ಬಹಳ ದೊಡ್ಡವನು. ಅವನು ಜಗಲಿಯ ಮೇಲೆ ಕೂತರೆ ಪಕ್ಕದಲ್ಲಿ ಇನ್ನೊಬ್ಬನಿಗೆ ಜಾಗವಿರುತ್ತಿರಲಿಲ್ಲ. ಅವನು ಗಾಡಿ ಹತ್ತಿದರೆ ಎತ್ತುಗಳು ಹಿಂತಿರುಗಿ ನೋಡುತ್ತವೆ ಎಂದು ಊರವರು ಹೇಳುತ್ತಿದ್ದರು. ಇದನ್ನು ಓದಿ ನಿಮಗೂ ನಗು ಬಂದಿರಬಹುದು. ಬಂದಿದ್ದರೆ ಈಗಲೇ ನಕ್ಕುಬಿಡಿ. ಕಲ್ಲುಮಾಳದವರೂ ಹಾಗೆ ನಕ್ಕವರೇ, ಕೆಟ್ಟವರೇನಲ್ಲ.

ಅವನ ಹೆಂಡತಿ ಚಿಕ್ಕತಾಯಮ್ಮ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಹಗ್ಗ ಹೊಸೆಯುವುದಕ್ಕೆ ಮಾತು ಬೇಕಿಲ್ಲ. ಪುಂಡಿ ನಾರು, ಒಂದು ಮಡಕೆ ನೀರು, ಎರಡು ಅಂಗೈ ಇದ್ದರೆ ಸಾಕು. ಸಂಜೆ ದೀಪ ಹಚ್ಚುವಾಗ ಎಷ್ಟೋ ಸಲ ಅವನಿಗೆ ತಟ್ಟನೆ ನೆನಪಾಗುತ್ತಿತ್ತು, ಬೆಳಗಿನಿಂದ ತಾನು ಒಂದು ಮಾತನ್ನೂ ಆಡಿಲ್ಲ ಎಂದು. ಆಗ ಒಲೆಯ ಮುಂದೆ ಕೂತು, ಯಾರೋ ಕೇಳಿದರು ಎಂಬಂತೆ, ಇವತ್ತು ಹುರುಳಿ ಸಾರು ಎಂದು ಗಟ್ಟಿಯಾಗಿ ಹೇಳುತ್ತಿದ್ದ. ತನ್ನ ದನಿ ತನಗೇ ಬೇರೆ ಯಾರದೋ ಹಾಗೆ ಕೇಳುತ್ತಿತ್ತು.

ವರ್ಷಕ್ಕೊಮ್ಮೆ, ರಾಗಿ ತೆನೆ ಕಟ್ಟುವ ಹೊತ್ತಿಗೆ, ಆ ಊರಿನಲ್ಲಿ ಹಂದಿ ಬೇಟೆ. ಕಾಡುಹಂದಿಗಳನ್ನು ಹಾಗೇ ಬಿಟ್ಟರೆ ಕಣಕ್ಕೆ ಬರುವುದು ಬರೀ ಹುಲ್ಲು. ಒಂದಷ್ಟು ಜನ ಬೆಟ್ಟದ ಮೇಲಿನಿಂದ ತಮಟೆ ಬಡಿಯುತ್ತ ಹಂದಿಗಳನ್ನು ಕೆಳಗೆ ಅಟ್ಟಿಕೊಂಡು ಬರುತ್ತಿದ್ದರು. ಬಿಲ್ಲುಗಾರರು ಕಣಿವೆಯ ಬಾಯಲ್ಲಿ ಸಾಲಾಗಿ ನಿಂತ ಮರಗಳಲ್ಲಿ ಅಟ್ಟಣೆ ಕಟ್ಟಿಕೊಂಡು, ಮರಕ್ಕೊಬ್ಬರಂತೆ ಕಾದಿರುತ್ತಿದ್ದರು. ಅಟ್ಟಣೆ ಏರಿದ ಮೇಲೆ ಯಾರೂ ಪಿಟ್ಟೆನ್ನುವಂತಿಲ್ಲ. ಅದಕ್ಕೇ ಮರದಿಂದ ಮರಕ್ಕೆ ಒಂದು ಹುರಿ ಕಟ್ಟಿರುತ್ತಿದ್ದರು. ಹಂದಿ ಕಂಡವನು ಹುರಿ ಜಗ್ಗಿದರೆ ಎಲ್ಲರೂ ಎಚ್ಚರವಾಗಬೇಕು.

ಆ ಹುರಿಗೆ ಇನ್ನೊಂದು ಕೆಲಸವೂ ಇತ್ತು. ಎಲೆಯಡಿಕೆಯ ಪುಟ್ಟ ಚೀಲವೊಂದು ಅದರ ಮೇಲೆಯೇ ಮರದಿಂದ ಮರಕ್ಕೆ ಸಾಗುತ್ತಿತ್ತು. ಒಬ್ಬ ಒಂದು ಎಲೆ ತೆಗೆದುಕೊಂಡು ಮುಂದಿನವನಿಗೆ ದೂಡುತ್ತಿದ್ದ. ಕೀಟಲೆಯವನಾದರೆ ಅಡಿಕೆ ತೆಗೆದು ಕಲ್ಲು ಹಾಕಿ ಕಳಿಸುತ್ತಿದ್ದ. ಮುಂದಿನವನು ಕತ್ತಲಲ್ಲಿ ಕಲ್ಲು ಕಚ್ಚಿ, ಬೈಯಲೂ ಆಗದೆ, ನಗು ತಡೆದುಕೊಂಡು ನಡುಗಿದರೆ ಇಡೀ ಕೊಂಬೆ ಅಲುಗಾಡುತ್ತಿತ್ತು. ಊರಿಗೆ ಬಂದ ಮೇಲೆ ತಿಂಗಳುಗಟ್ಟಲೆ ಅದೇ ಮಾತು.

ಆ ಹುರಿ ಹೊಸೆಯುತ್ತಿದ್ದವನು ಜವರಯ್ಯನೇ. ಅಟ್ಟಣೆ ಬಿಗಿಯುವ ಹಗ್ಗವೂ ಅವನದೇ. ಆದರೆ ಹುರಿ ಮಾತ್ರ ಅವನವರೆಗೆ ಬರುತ್ತಿರಲಿಲ್ಲ.

ಏಕೆಂದರೆ ಅವನ ಭಾರ ತಡೆಯುವ ಮರ ಅಲ್ಲಿ ಒಂದೇ ಇತ್ತು. ಅದು ಹಳ್ಳದ ಆಚೆ ದಡದಲ್ಲಿ ಒಂಟಿಯಾಗಿ ನಿಂತ ಮುದಿ ಮತ್ತಿ. ಹುರಿ ಈಚೆ ದಡದ ಅತ್ತಿ ಮರಕ್ಕೆ ಮುಗಿದುಹೋಗುತ್ತಿತ್ತು. ಹಿರಿಯರು ಇಟ್ಟ ಅಳತೆ ಅದು. ಹಳೆಯ ಹುರಿಯನ್ನು ನೆಲಕ್ಕೆ ಹಾಸಿಕೊಂಡು ಅಷ್ಟೇ ಉದ್ದಕ್ಕೆ ಹೊಸದನ್ನು ಹೊಸೆದು ಕೊಡಬೇಕು, ಅದೇ ಪದ್ಧತಿ. ಮತ್ತಿ ಮರದ ಕಡೆಗೆ ಹಂದಿಗಳು ಬರುವುದೂ ಅಪರೂಪ. ಜವರಯ್ಯ ವರ್ಷ ವರ್ಷವೂ ಅಲ್ಲಿ ಕೂತು, ಮಂಜಿನಲ್ಲಿ ಆಚೆಯ ಕೊಂಬೆಗಳು ನಗುವಿಗೆ ಅಲುಗುವುದನ್ನು ನೋಡಿಕೊಂಡು ಇಳಿದು ಬರುತ್ತಿದ್ದ. ಮನೆಯಲ್ಲಿ ಒಂಟಿಯಾಗಿರುವುದು ಅವನಿಗೆ ರೂಢಿಯಾಗಿತ್ತು. ಹತ್ತು ಜನರ ಜೊತೆ ಹೋಗಿ ಒಂಟಿಯಾಗಿ ಕೂರುವುದು ಮಾತ್ರ ರೂಢಿಯಾಗಲಿಲ್ಲ.

ಒಂದು ವರ್ಷ ಅತ್ತಿ ಮರದಲ್ಲಿ ಕೂರುವವನು ಜ್ವರ ಬಂದು ಮಲಗಿದ. ಆ ಜಾಗಕ್ಕೆ ನಾನು ಕೂರುತ್ತೇನೆ ಎಂದು ಜವರಯ್ಯ ಮುಂದೆ ಬಂದ.

ಅಟ್ಟಣೆ ಕಟ್ಟುವವನು ಕರಿಸಿದ್ದ. ಜವರಯ್ಯನಿಗಿಂತ ಹಿರಿಯ, ಮಾತು ಒರಟು. ಅಟ್ಟಣೆ ಕಟ್ಟಿ ಮುಗಿಸಿ ತಾನೇ ತಮಟೆ ಹಿಡಿದು ಬೆಟ್ಟಕ್ಕೆ ಹೋಗುತ್ತಿದ್ದ. ಅವನು ಜವರಯ್ಯನನ್ನು ಮೇಲಿಂದ ಕೆಳಗೆ ನೋಡಿದ.

"ಅತ್ತಿ ಕೊಂಬೆ ನೋಡಕ್ ದಪ್ಪ, ಒಳ್ಗೆ ಜೀವ ಇಲ್ಲ ಕಣ್ಲಾ. ನೀನು ಮತ್ತೀಲೇ ಕೂತ್ಕೋ."

ಈ ಸಲ ನನ್ನ ಭಾರ ಇಳಿದಿದೆ, ತೂಗಿ ನೋಡೋಣ ಎಂದ ಜವರಯ್ಯ. ಪಾಪ, ಜ್ವರದ ಸುದ್ದಿ ಕೇಳಿದಂದಿನಿಂದ ಒಪ್ಪೊತ್ತು ಉಂಡಿದ್ದ. ಸೊರಗಿದ್ದು ಮುಖ ಮಾತ್ರ.

ಕಲ್ಲುಮಾಳದಲ್ಲಿ ತೂಗುವ ಕ್ರಮ ಹೀಗಿತ್ತು. ಬಂಡೆಯ ಮೇಲೆ ಅಡ್ಡಲಾಗಿ ಒಂದು ತೊಲೆ ಇಡುವರು. ಒಂದು ತುದಿಯಲ್ಲಿ ಬಿಲ್ಲುಗಾರ ಕೂರಬೇಕು. ಇನ್ನೊಂದು ತುದಿಯ ಗೋಣಿಚೀಲಕ್ಕೆ ತೊಲೆ ಸಮವಾಗುವವರೆಗೆ ಕಲ್ಲು ತುಂಬುವರು. ಆ ಚೀಲವನ್ನು ಅವನೇ ಹೊತ್ತುಕೊಂಡು ಹೋಗಿ ಮರದ ಬುಡದಲ್ಲಿ ಇಡಬೇಕು. ಕರಿಸಿದ್ದ ಅದನ್ನು ಅಟ್ಟಣೆಗೆ ನೇತುಹಾಕಿ ಒಂದು ರಾತ್ರಿ ಬಿಡುವನು. ಬೆಳಗ್ಗೆ ಕೊಂಬೆ ಬಾಗದಿದ್ದರೆ ಆ ಮರ ಅವನಿಗೆ.

ಬೇರೆಯವರನ್ನು ತೂಗುವಾಗ ಯಾರೂ ಬರುತ್ತಿರಲಿಲ್ಲ. ಜವರಯ್ಯನ ಸರದಿಗೆ ಊರೆಲ್ಲ ಸೇರುತ್ತಿತ್ತು. ಆ ಸಲವೂ ಕಲ್ಲಿನ ಮೇಲೆ ಕಲ್ಲು ಹಾಕಿದರೂ ತೊಲೆ ಮೇಲೇಳಲಿಲ್ಲ. ಇರೋ ಕಲ್ಲು ಮುಗೀತು, ಬೆಟ್ಟಾನೇ ಕಿತ್ತು ತನ್ನಿ ಎಂದು ಯಾರೋ ಅಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಜವರಯ್ಯನೂ ನಕ್ಕ. ತಾನೂ ಜೊತೆಗೆ ನಕ್ಕರೆ ಬೇಗ ಮುಗಿಯುತ್ತದೆ ಎಂದು ಅವನು ಎಂದೋ ಕಲಿತಿದ್ದ.

ಕೊನೆಗೆ ಇನ್ನಷ್ಟು ಕಲ್ಲು ತಂದು ಹಾಕಿ ತೊಲೆ ಸಮವಾದ ಮೇಲೆ ಅವನು ಚೀಲ ಹೊತ್ತು ಕಾಡಿನ ದಾರಿ ಹಿಡಿದ. ಹಳ್ಳದ ಹತ್ತಿರ ಯಾರೂ ಇರಲಿಲ್ಲ. ಚೀಲ ಇಳಿಸಿ ಅರ್ಧ ಕಲ್ಲುಗಳನ್ನು ನೀರಿಗೆ ಸುರಿದ. ಆ ಜಾಗಕ್ಕೆ ತರಗೆಲೆ ತುಂಬಿ, ಮೇಲೆ ಉಳಿದ ಕಲ್ಲುಗಳನ್ನು ಹರಡಿ, ಬಾಯಿ ಕಟ್ಟಿದ. ನೋಡುವವರಿಗೆ ಚೀಲ ಮೊದಲಿನಷ್ಟೇ ಗಾತ್ರ. ಇಷ್ಟು ವರ್ಷ ಊರವರ ಭಾರವನ್ನೆಲ್ಲ ಹೊರುವ ಹಗ್ಗ ಮಾಡಿದವನು ಅವನು. ಒಂದು ಎಳೆಯಲ್ಲೂ ಮೋಸ ಮಾಡಿರಲಿಲ್ಲ. ಆ ದಿನ ತನ್ನ ಭಾರದಲ್ಲೇ ಮೋಸ ಮಾಡಿದ.

ಮಾರನೆಯ ದಿನ ಕೊಂಬೆ ಬಾಗಿರಲಿಲ್ಲ. ಕರಿಸಿದ್ದ ನೇತುಹಾಕಿದ್ದ ಹಗ್ಗ ಬಿಚ್ಚಿ ಚೀಲವನ್ನು ಮರದ ಬುಡಕ್ಕೆ ಇಳಿಸಿದ. ಅದು ಹಗುರವಾಗಿದೆಯಲ್ಲ ಎಂದು ಅವನಿಗೆ ಅನ್ನಿಸಿತೋ ಏನೋ, ಬಾಯಿ ಬಿಚ್ಚಿ ನೋಡಲಿಲ್ಲ. ಹಗ್ಗದ ಜವರಯ್ಯನನ್ನು ಅನುಮಾನಿಸುವುದು ಯಾರಿಗೂ ಬಾರದ ಬುದ್ಧಿ. ಕರಿಸಿದ್ದ ತಮಟೆ ಹೆಗಲಿಗೆ ಹಾಕಿಕೊಂಡು ಬೆಟ್ಟ ಹತ್ತಿದ.

ಅದರ ಮರುದಿನವೇ ಬೇಟೆ. ನಸುಕಿನಲ್ಲಿ ಜವರಯ್ಯ ಅತ್ತಿ ಮರ ಏರಿದ. ಕೂತಾಗ ಕೊಂಬೆ ಒಳಗೊಳಗೇ ಒಮ್ಮೆ ಲಟಕ್ಕೆಂದಿತು. ಅವನು ಉಸಿರು ಬಿಗಿಹಿಡಿದು ಕೂತ. ಅಷ್ಟರಲ್ಲಿ ಹುರಿ ಅಲುಗಿತು. ಎಲೆಯಡಿಕೆ ಚೀಲ ಮೆಲ್ಲಗೆ ಅವನ ಕಡೆ ಬಂತು. ಕೈ ಹಾಕಿ ಒಂದು ಎಲೆ ತೆಗೆದ. ಅದು ಬಾಡಿದ ಎಲೆ, ಸುಣ್ಣ ಒಣಗಿತ್ತು. ಇಷ್ಟು ರುಚಿಯಾದ ಎಲೆಯನ್ನು ತಾನು ತಿಂದೇ ಇಲ್ಲ ಅನ್ನಿಸಿತು ಅವನಿಗೆ. ಎದುರಿನ ಮರದವನು ಕೈ ಎತ್ತಿ ತೋರಿಸಿದ. ಇವನೂ ತೋರಿಸಿದ. ಅಷ್ಟಕ್ಕೇ ಕಣ್ಣು ಮಂಜಾಯಿತು.

ಬಿಸಿಲೇರುವಾಗ ತಮಟೆಗಳು ಹತ್ತಿರವಾದವು. ಹುರಿ ಜೋರಾಗಿ ಜಗ್ಗಿತು. ದೊಡ್ಡದೊಂದು ಒಂಟಿ ಹಂದಿ ಪೊದೆಯಿಂದ ನುಗ್ಗಿ, ಅತ್ತಿ ಮರದ ಹತ್ತಿರ ಬಂದು, ಅಲ್ಲೇ ಗಕ್ಕನೆ ನಿಂತು ಹಿಂದಕ್ಕೆ ತಿರುಗಿತು. ಅದರ ಎದುರಿಗೆ ಪೊದೆ ಸರಿಸಿಕೊಂಡು ಬಂದವನು ಕರಿಸಿದ್ದ. ಕೈಯಲ್ಲಿ ತಮಟೆ ಬಿಟ್ಟರೆ ಏನೂ ಇಲ್ಲ.

ಆ ಹಂದಿ ಬೇರೆ ಯಾರ ಬಾಣಕ್ಕೂ ಸಿಗುವಂತಿರಲಿಲ್ಲ. ಜವರಯ್ಯ ಬಲಕ್ಕೆ ತಿರುಗಿ, ಕಾಲು ಊರಿ, ಬಿಲ್ಲು ಎಳೆಯಬೇಕಿತ್ತು. ತಿರುಗಿದರೆ ಕೊಂಬೆ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದು ಅವನಿಗೆ ಮಾತ್ರ ಗೊತ್ತಿತ್ತು. ಒಂದು ಉಸಿರಿನಷ್ಟು ಹೊತ್ತು ಅನುಮಾನಿಸಿದ. ಆಮೇಲೆ ತಿರುಗಿದ.

ಕೊಂಬೆ ಮುರಿಯಿತು. ಹಗ್ಗ ಹರಿಯಲಿಲ್ಲ, ಗಂಟು ಬಿಚ್ಚಲಿಲ್ಲ. ಆದರೆ ಕೊಂಬೆಯೇ ಹೋದ ಮೇಲೆ ಹಗ್ಗ ಏನು ಮಾಡೀತು? ಜವರಯ್ಯ ಅಟ್ಟಣೆ ಸಮೇತ ಕೆಳಗೆ ಬಿದ್ದ. ಬಿಲ್ಲು ಎಲ್ಲೋ ಹಾರಿತು. ಹಂದಿ ಕರಿಸಿದ್ದನ ತೊಡೆಯನ್ನು ಕೋರೆಯಿಂದ ಸೀಳಿ ಕಾಡಿಗೆ ನುಗ್ಗಿಹೋಯಿತು.

ಬಿದ್ದವನಿಗೆ ಸೊಂಟ ಎತ್ತಲಾಗುತ್ತಿರಲಿಲ್ಲ. ತೆವಳಿಕೊಂಡು ಹೋಗಿ, ಅಟ್ಟಣೆಯ ಹಗ್ಗ ಎಳೆದುಕೊಂಡು, ಕರಿಸಿದ್ದನ ತೊಡೆಗೆ ಬಿಗಿಯಾಗಿ ಸುತ್ತಿ ರಕ್ತ ನಿಲ್ಲಿಸಿದ. ಉಳಿದವರು ಇಳಿದು ಓಡಿಬಂದರು. ಮುರಿದ ಕೊಂಬೆ ಬುಡದಲ್ಲಿದ್ದ ಗೋಣಿಚೀಲದ ಮೇಲೆ ಬಿದ್ದು ಅದು ಹರಿದಿತ್ತು. ಒಂದಷ್ಟು ಕಲ್ಲು, ಅದರ ಸುತ್ತ ರಾಶಿ ತರಗೆಲೆ. ಎಲ್ಲರೂ ಅದನ್ನು ನೋಡಿದರು, ಜವರಯ್ಯನನ್ನು ನೋಡಿದರು. ಆ ದಿನ ಯಾರೂ ನಗಲಿಲ್ಲ.

ಆಮೇಲೆ ಊರಿನಲ್ಲಿ ಅವನನ್ನು ಯಾರೂ ಬೈಯಲಿಲ್ಲ. ಮನೆಗೂ ಬರಲಿಲ್ಲ. ಹಗ್ಗ ಬೇಕಾದವರು ಬಾಗಿಲಲ್ಲೇ ನಿಂತು ಕೇಳಿ ತೆಗೆದುಕೊಂಡು ಹೋಗುತ್ತಿದ್ದರು. ಅವನನ್ನು ನೋಡಿ ನಗುವುದನ್ನೂ ಬಿಟ್ಟರು. ಬೈದಿದ್ದರೆ, ಕೊನೆಗೆ ನಕ್ಕಿದ್ದರೂ, ಅವನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಸಂಜೆ ಒಲೆಯ ಮುಂದೆ ಸಾರಿನ ಹೆಸರು ಹೇಳುವುದನ್ನೂ ಅವನು ನಿಲ್ಲಿಸಿದ.

ಕೊನೆಗೆ ಜವರಯ್ಯನ ಮನೆಗೆ ಮೊದಲು ಬಂದವನು, ತೊಡೆಯ ಗಾಯ ಮಾಗಿ ನಡೆಯುವಂತಾದ ಕರಿಸಿದ್ದ. ಕೋಲು ಊರಿಕೊಂಡು, ಒಂದು ಕಾಲು ಎಳೆಯುತ್ತ ಬಂದ. ಕೂತು, ನೀರು ಕುಡಿದು, ಯಾಕೆ ಹೀಗೆ ಮಾಡಿದೆ ಎಂದು ಕೇಳಿದ. ಜವರಯ್ಯ ನಾರು ಬಿಡಿಸುತ್ತಲೇ ಹೇಳಿದ.

"ಹುರಿ ಅತ್ತಿ ಮರಕ್ಕೇ ನಿಂತೋಯ್ತದೆ ಸಿದ್ದಣ್ಣ. ಮತ್ತಿಗ್ ಬರಲ್ಲ."

ಕರಿಸಿದ್ದನಿಗೆ ಅರ್ಥವಾಗಲಿಲ್ಲ. ತಲೆ ಎತ್ತಿ ಗೋಡೆಯ ಕಡೆ ನೋಡಿದ. ಗೂಟಕ್ಕೆ ತುಂಡು ಹುರಿಗಳ ಸಿಂಬಿಗಳು ನೇತಾಡುತ್ತಿದ್ದವು. ಕೆಲವು ಹೊಸವು, ಕೆಲವು ಹೊಗೆ ಹಿಡಿದು ಕಪ್ಪಾಗಿದ್ದವು. ಎಲ್ಲವೂ ಒಂದೇ ಉದ್ದ. ಇವೇನು ಎಂದು ಕೇಳಿದ.

"ವರ್ಸಾ ವರ್ಸಾ ಮತ್ತಿ ಗಂಟ ಎಟುಕಂಗೇ ಹೊಸೀತಿದ್ದೆ. ಕೊಡೋ ದಿನ ಕುಯ್ದ್ ಹಾಕ್ತಿದ್ದೆ. ಯಾಕ್ಲಾ ಉದ್ದ ಅಂತ ಕೇಳುದ್ರೆ ಏನಂತ ಹೇಳನಣ್ಣ?"

ಕರಿಸಿದ್ದ ಎದ್ದು ಹೋಗಿ ಒಂದೊಂದೇ ಸಿಂಬಿಯನ್ನು ಮುಟ್ಟಿ ನೋಡಿದ. ಒರಟು ಮನುಷ್ಯ, ಸಿಟ್ಟಾಗುತ್ತಾನೆ ಎಂದು ಜವರಯ್ಯ ಕಾದ. ಕರಿಸಿದ್ದ ಸಿಂಬಿಯಿಂದ ಕೈ ತೆಗೆಯದೆ ಮೆಲ್ಲಗೆ ಹೇಳಿದ.

"ವರ್ಸಾ ವರ್ಸಾ ನಿನ್ನ ಆ ಮತ್ತಿ ಮರ ಹತ್ಸೋನು ನಾನೇ. ಒಂದ್ ದಿನಾನೂ ಹಿಂದ್ಕೆ ತಿರುಗಿ ನೋಡ್ಲಿಲ್ವಲ್ಲ ಕಣ್ಲಾ ಜವರ."

ಹೋಗುವಾಗ ಒಂದು ಸಿಂಬಿಯನ್ನು ಹೆಗಲಿಗೆ ಹಾಕಿಕೊಂಡು ಹೋದ. ಅದನ್ನು ಊರ ಯಜಮಾನನ ಮುಂದೆ ಇಟ್ಟು ಏನು ಹೇಳಿದನೋ, ಆ ಸಂಜೆ ಜವರಯ್ಯನ ಜಗಲಿಗೆ ನಾಲ್ಕು ಜನ ಬಂದು, ಜಾಗವಿಲ್ಲದೆ ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತರು.

ಮುಂದಿನ ವರ್ಷ ಮತ್ತೆ ತೂಗುವ ದಿನ ಬಂತು. ಮತ್ತೆ ಊರು ಸೇರಿತು. ಕಲ್ಲು ಎಷ್ಟು ಹಾಕಿದರೂ ತೊಲೆ ಏಳಲಿಲ್ಲ. ಆಗ ಕರಿಸಿದ್ದ ಕೋಲು ಬಿಸಾಡಿ, ಕುಂಟುತ್ತ ಹೋಗಿ, ಕಲ್ಲಿನ ಚೀಲದ ಮೇಲೆ ತಾನೇ ಕೂತ. ತೊಲೆ ಸಮವಾಯಿತು. ಊರು ನಕ್ಕಿತು, ಜವರಯ್ಯನೂ ನಕ್ಕ. ಬೇಗ ಮುಗಿಯಲಿ ಎಂದು ನಕ್ಕ ನಗು ಅಲ್ಲ ಅದು.

ಬೇಟೆಯ ನಸುಕಿನಲ್ಲಿ ಜವರಯ್ಯ ತನ್ನ ಹಳೆಯ ಮತ್ತಿ ಮರ ಏರಿ ಕೂತ. ಕೊಂಬೆ ಮಿಸುಕಲಿಲ್ಲ. ಹಳ್ಳದ ಮೇಲೆ ಮಂಜು ಕವಿದು ಆಚೆಯ ಮರಗಳು ಕಾಣುತ್ತಿರಲಿಲ್ಲ. ಹುರಿ ಮಾತ್ರ ಮಂಜಿನೊಳಗಿಂದ ಬಂದು ಅವನ ಅಟ್ಟಣೆಗೆ ಗಂಟು ಬಿದ್ದಿತ್ತು. ಅಷ್ಟು ಮರ ದಾಟಿ ಬರುವಾಗ ಚೀಲ ಖಾಲಿಯಾಗಿರುತ್ತದೆ ಎಂದುಕೊಂಡ. ಬಹಳ ಹೊತ್ತಿನ ಮೇಲೆ ಚೀಲ ಬಂತು. ಕೈ ಹಾಕಿದ. ಒಂದು ಎಲೆ ಇತ್ತು. ಅಡಿಕೆ ಎಂದು ಬಾಯಿಗಿಟ್ಟುಕೊಂಡದ್ದು ಕಲ್ಲು.

ಮಂಜಿನ ಆಚೆ ಯಾವುದೋ ಕೊಂಬೆ ಅಲುಗಾಡುವ ಸದ್ದು ಕೇಳಿತು. ಜವರಯ್ಯ ಕಲ್ಲನ್ನು ಬಾಯಿಂದ ತೆಗೆದು ಅಂಗೈಯಲ್ಲಿ ಮುಚ್ಚಿಕೊಂಡ. ಸದ್ದಾಗದ ಹಾಗೆ ಅತ್ತ. ಆಮೇಲೆ, ಬಂದು ಮುಟ್ಟಿತು ಎಂದು ತಿಳಿಸುವುದಕ್ಕೆ, ಹುರಿಯನ್ನು ಮೆಲ್ಲಗೆ ಒಮ್ಮೆ ಜಗ್ಗಿದ.

ಅಷ್ಟರಲ್ಲಿ ಬೆಟ್ಟದ ಮೇಲೆ ತಮಟೆಗಳು ಶುರುವಾದವು. ಅವನು ಕಿವಿಗೊಟ್ಟು ಒಂದೊಂದನ್ನೇ ಗುರುತು ಹಿಡಿದ. ಕರಿಸಿದ್ದನ ತಮಟೆ ಅದರಲ್ಲಿ ಇರಲಿಲ್ಲ. ಅವನ ಕಾಲು ಇನ್ನು ಬೆಟ್ಟ ಹತ್ತುವಂತಿರಲಿಲ್ಲ.

ನೀತಿ: ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ. ತನ್ನ ಭಾರವನ್ನು ಮುಚ್ಚಿಟ್ಟು ಕೊಂಬೆ ಆರಿಸಿಕೊಂಡವನು ತಾನೂ ಬೀಳುತ್ತಾನೆ, ತನ್ನನ್ನು ನಂಬಿದವನನ್ನೂ ಬೀಳಿಸುತ್ತಾನೆ. ಆದ್ದರಿಂದ ನಾಚದೆ ನಮಗೆ ತಕ್ಕ ಮರವನ್ನೇ ಆರಿಸಿಕೊಳ್ಳಬೇಕು, ಬೇಕಾದದ್ದನ್ನು ಬಾಯಿಬಿಟ್ಟು ಕೇಳಬೇಕು. ಆ ಮರ ದೂರದಲ್ಲಿದ್ದರೆ ಅಲ್ಲಿಯವರೆಗೆ ಹುರಿ ಎಳೆಯುವುದು ಉಳಿದವರ ಕೆಲಸ. ನಕ್ಕವರೂ ಇದನ್ನು ನೆನಪಿಡಬೇಕು.