ಬಟ್ಟಲು ಎತ್ತುವ ಮುನ್ನ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗೊತ್ತಿದ್ದೂ ಅಪಾಯಕ್ಕೆ ಕಾಲಿಟ್ಟವನನ್ನು ಗೆದ್ದರೆ ಧೀರ ಎನ್ನುತ್ತಾರೆ, ಸೋತರೆ ಹುಂಬ ಎನ್ನುತ್ತಾರೆ. ಕಾಲಿಟ್ಟ ಗಳಿಗೆಯಲ್ಲಿ ಅವನು ಯಾರು?"

ಗುರುಗಳು ನಕ್ಕರು. "ಪಾಠದ ಹೊತ್ತಿನಲ್ಲಿ ತೂಕಡಿಸುವ ನಿನಗೆ ಇಂಥ ಪ್ರಶ್ನೆ ಎಲ್ಲಿಂದ ಹೊಳೆಯಿತೋ! ಇರಲಿ, ಕೇಳು" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಅಮಾವಾಸ್ಯೆಯ ದಿನ ಮಗ್ಗಕ್ಕೂ ರಜೆ, ಗಾಣಕ್ಕೂ ರಜೆ. ಅಂದು ಊಟವಾದ ಮೇಲೆ ನಾಲ್ವರು ಒಂದು ದೊಡ್ಡ ಮಣೆಯ ಸುತ್ತ ಕೂತು ಕತೆಯಾಟ ಆಡುತ್ತಿದ್ದರು. ಕತೆ ನಡೆಸುವವರು ಒಬ್ಬ ಮೇಷ್ಟರು. ಉಳಿದವರು ಒಬ್ಬ ನೇಕಾರ, ಒಬ್ಬ ಬಳೆ ವ್ಯಾಪಾರಿ, ಒಬ್ಬಳು ಗಾಣದ ಹೆಂಗಸು. ಇವರು ಕತೆಯೊಳಗೆ ಒಬ್ಬೊಬ್ಬ ವೀರನನ್ನು ನಡೆಸುತ್ತಾರೆ. "ಕಾಡು ದಾಟಿದಿರಿ, ಮುಂದೆ ಹೊಳೆ ತುಂಬಿದೆ, ಏನು ಮಾಡುತ್ತೀರಿ?" ಎಂದು ಮೇಷ್ಟರು ಕೇಳುತ್ತಾರೆ. ಇವರು ಹೇಳುತ್ತಾರೆ. ಹೇಳಿದ್ದು ಆಯಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ.

ಪ್ರತಿ ವೀರನಿಗೂ ಒಂದು ಮರದ ಬಿಲ್ಲೆ, ಅದರ ಮೇಲೆ ಅವನ ಹೆಸರು. ಕತೆಯಲ್ಲಿ ಗಾಯವಾದರೆ ಬಿಲ್ಲೆಯ ಅಂಚಿಗೆ ಚಾಕುವಿನಿಂದ ಕಚ್ಚು ಹಾಕುತ್ತಾರೆ. ಹತ್ತು ಕಚ್ಚು ಆದರೆ ವೀರ ಸತ್ತ ಹಾಗೆ. ಬಿಲ್ಲೆ ಒಲೆಗೆ ಹೋಗುತ್ತದೆ. ಅದರಲ್ಲಿ ಯಾರ ಮುಲಾಜೂ ಇಲ್ಲ.

ಇನ್ನೊಂದು ಕಟ್ಟುಪಾಡಿತ್ತು. ದೊಡ್ಡ ಏಟು ಬೀಳುವಾಗ ಮೇಷ್ಟರು ದಾಳ ಉರುಳಿಸಿ, ಯಾರೂ ನೋಡುವ ಮೊದಲೇ ಅದರ ಮೇಲೆ ಹಿತ್ತಾಳೆಯ ಬಟ್ಟಲು ಕವುಚುತ್ತಿದ್ದರು. ಇಟ್ಟ ಹೆಜ್ಜೆ ಸರಿಯೋ ತಪ್ಪೋ ಎಂದು ಉಳಿದವರು ಆಗಲೇ ಹೇಳಬೇಕು. ಬಟ್ಟಲು ಎತ್ತಿದ ಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ಎತ್ತಿದ ಮೇಲೆ ಎಲ್ಲರೂ ಜಾಣರೇ ತಾನೆ!

ಹಿಂದಿನ ಅಮಾವಾಸ್ಯೆಯಲ್ಲಿ ಬಳೆ ವ್ಯಾಪಾರಿಯ ವೀರ ಹಾವಿನ ಬಾವಿಗೆ ಹಾರಿದ್ದ. ಬಾವಿ ಎಷ್ಟು ಆಳ, ಹಾವು ಎಷ್ಟಿವೆ, ಒಂದನ್ನೂ ಕೇಳಿರಲಿಲ್ಲ. ಬಟ್ಟಲು ಮುಚ್ಚಿದ್ದಾಗ ಉಳಿದಿಬ್ಬರೂ "ತಪ್ಪು" ಎಂದರು. ಎತ್ತಿ ನೋಡಿದರೆ ಒಂದು ಬಿದ್ದಿತ್ತು. ಒಂದೇ ಕಚ್ಚಿಗೆ ಪಾರಾದ. ಕಟ್ಟುಪಾಡನ್ನು ಗಾಳಿಗೆ ತೂರಿ ಎಲ್ಲರೂ ಅವನ ಬೆನ್ನು ತಟ್ಟಿದರು. "ತಪ್ಪು" ಎಂದ ಬಾಯಲ್ಲೇ "ಭಲೇ" ಎಂದರು.

ಗಾಣದ ಹೆಂಗಸು ನಡೆಸುತ್ತಿದ್ದ ವೀರನ ಹೆಸರು ಚೆನ್ನಿಗ, ಗುರಾಣಿ ಹಿಡಿದವನು. ಆ ಬಿಲ್ಲೆ ಕೆತ್ತಿದವನು ಅವಳ ಗಂಡ. ಅವನು ತೀರಿಕೊಂಡು ಮೂರು ವರ್ಷವಾಗಿತ್ತು. ಅವನ ಕೈಯ ಬರಹ ಎಂದು ಅವಳ ಬಳಿ ಉಳಿದದ್ದು ಬಿಲ್ಲೆಯ ಮೇಲಿನ ಆ ಮೂರು ಅಕ್ಷರ ಮಾತ್ರ. ಅದಕ್ಕೆ ಏಳು ಕಚ್ಚು ಆಗಿದ್ದವು. ಏಳೂ ಗಂಡನ ಕಾಲದವು. ಅವಳ ಕೈಗೆ ಬಂದ ಮೇಲೆ ಒಂದೂ ಆಗಿರಲಿಲ್ಲ. ಯುದ್ಧ ಬಂದಾಗಲೆಲ್ಲ "ನಮ್ಮ ಚೆನ್ನಿಗ ಹಿಂದೆ ನಿಂತಿದ್ದಾನೆ" ಎನ್ನುತ್ತಿದ್ದಳು. ಯಾರೂ ಅವಳನ್ನು ಬಲವಂತ ಮಾಡುತ್ತಿರಲಿಲ್ಲ.

ಈ ಅಮಾವಾಸ್ಯೆ ಕತೆ ಒಂದು ಕೋಟೆಗೆ ಬಂತು. ನೇಕಾರನ ವೀರ ಮೊದಲು ನುಗ್ಗಿ, ಏಟು ತಿಂದು, ಒಳಗೆ ಬಿದ್ದ. ಒಂಬತ್ತು ಕಚ್ಚು ಆಯಿತು. ಹೊಸ್ತಿಲಿನಲ್ಲಿ ಗದೆ ಹಿಡಿದ ರಕ್ಕಸ ನಿಂತ. ದಾಟಿದವನಿಗೆ ಏಟು ತಪ್ಪದು. ದಾಟದಿದ್ದರೆ ಮುಂದಿನ ಸುತ್ತಿನಲ್ಲಿ ಬಿದ್ದವನು ಸಾಯುತ್ತಾನೆ. ಬಳೆ ವ್ಯಾಪಾರಿಯ ವೀರನಿಗೂ ಒಂಬತ್ತು ಕಚ್ಚಾಗಿತ್ತು. ಬಾವಿಗೆ ಹಾರಿದ ಶೂರ ಈಗ ಗಡ್ಡ ಕೆರೆದುಕೊಳ್ಳುತ್ತ ಕೂತ.

ಗಾಣದ ಹೆಂಗಸು ಕೇಳಿದಳು: "ಮೇಷ್ಟ್ರೇ, ರಕ್ಕಸ ಒಂದು ಸುತ್ತಿನಲ್ಲಿ ಎಷ್ಟು ಏಟು ಹಾಕ್ತಾನೆ?"

"ಒಂದೇ."

"ಅದನ್ನ ನಮ್ಮ ಚೆನ್ನಿಗ ತಗೊಂಡ್ರೆ, ಬಳೆಯಣ್ಣನ ವೀರ ಏಟಿಲ್ಲದೆ ಒಳಗೆ ಹೋಗಿ, ಬಿದ್ದವನನ್ನ ಎಳ್ಕೊಂಡು ಬರಬಹುದಾ?"

"ಬರಬಹುದು."

ದಾಳದಲ್ಲಿ ಎಷ್ಟು ಬಿದ್ದರೆ ಅಷ್ಟು ಕಚ್ಚು. ಗುರಾಣಿ ಎತ್ತಿ ಹಿಡಿದರೆ ಅದರಲ್ಲಿ ಎರಡು ಕಡಿಮೆ. ಅವಳು ಬೆರಳು ಮಡಚಿ ಎಣಿಸಿದಳು. ಒಂದರಿಂದ ನಾಲ್ಕರವರೆಗೆ ಯಾವುದು ಬಿದ್ದರೂ ಚೆನ್ನಿಗ ಉಳಿಯುತ್ತಾನೆ. ಐದೋ ಆರೋ ಬಿದ್ದರೆ ಬಿಲ್ಲೆ ಒಲೆಗೆ. ಇನ್ನೊಂದು ಸಲ ಎಣಿಸಿದಳು. ಲೆಕ್ಕ ಬದಲಾಗಲಿಲ್ಲ.

ನೇಕಾರ ಗಾಬರಿಯಾದ. "ಬೇಡ ಅಕ್ಕಾ. ನಂದು ಹೋದ್ರೆ ನಾಳೆ ಇನ್ನೊಂದು ಕೆತ್ಕೊಳ್ತೀನಿ. ನಿಂದು ಭಾವ ಕೆತ್ತಿದ್ದು."

"ನಿಮ್ಮ ಭಾವ ಇವನ ಕೈಗೆ ಗುರಾಣಿ ಕೊಟ್ಟಿದ್ರು ಕಣಪ್ಪ. ನಾನು ಮೂರು ವರ್ಷದಿಂದ ಇವನನ್ನ ನಿಮ್ಮೆಲ್ಲರ ಬೆನ್ನ ಹಿಂದೆ ಬಚ್ಚಿಟ್ಟಿದೀನಿ."

ಇಷ್ಟು ಹೇಳುವಾಗ ಅವಳಿಗೆ ಅಳು ಬಂತು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಮಣೆಯ ಮೇಲೆ ಸುಣ್ಣದಲ್ಲಿ ಎಳೆದಿದ್ದ ಹೊಸ್ತಿಲಿನ ಗೆರೆಗೆ ಬಿಲ್ಲೆಯನ್ನು ಸರಿಸಿದಳು.

ಮೇಷ್ಟರು ದಾಳ ಉರುಳಿಸಿ ಬಟ್ಟಲು ಕವುಚಿದರು. ನೇಕಾರ ತಲೆ ತಗ್ಗಿಸಿ "ತಪ್ಪು" ಎಂದ. ಬಳೆ ವ್ಯಾಪಾರಿ ಬಹಳ ಹೊತ್ತು ಯೋಚಿಸಿ "ಸರಿ" ಎಂದ. ಮೇಷ್ಟರು ಬಟ್ಟಲಿನ ಮೇಲೆ ಕೈ ಇಟ್ಟರು.

ಗುರುಗಳು ಅಲ್ಲಿಗೆ ನಿಲ್ಲಿಸಿ, ಚೊಂಬು ಎತ್ತಿ ನೀರು ಕುಡಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಗುರುಗಳೇ, ದಾಳ ಎಷ್ಟು ಬಿದ್ದಿತ್ತು?"

"ಹೇಳುತ್ತೇನೆ. ಕಟ್ಟುಪಾಡು ನಿನಗೂ ಒಂದೇ. ಅವಳು ಇಟ್ಟ ಹೆಜ್ಜೆ ಸರಿಯೋ ತಪ್ಪೋ, ಮೊದಲು ಹೇಳು."

"ದಾಳ ನೋಡದೆ ಹೇಗೆ ಹೇಳಲಿ?"

ಗುರುಗಳು ಹೇಳಿದರು: "ಅವಳೂ ನೋಡಿರಲಿಲ್ಲ."