ನೆತ್ತರಗುಡುಕಿ ಕೆರೆ

ತೊಂಡಿಗನಾಳದ ಪಡುವಣಕ್ಕೆ, ಎರಡು ಬೋಳು ಗುಡ್ಡಗಳ ನಡುವೆ ಇರುವ ಕೆರೆ ಅಷ್ಟೇನೂ ದೊಡ್ಡದಲ್ಲ. ಏರಿಯ ಮೇಲೆ ಜಾಲಿ, ನೀರಿನಂಚಿಗೆ ಜೊಂಡು, ಮಧ್ಯದಲ್ಲಿ ಬೇಸಿಗೆಗೆ ತಲೆ ಎತ್ತುವ ಒಂದು ಬಂಡೆ. ಹೆದರುವಂಥದ್ದು ಏನೂ ಕಾಣುವುದಿಲ್ಲ. ಆದರೆ ಹೆಸರು ಮಾತ್ರ ನೆತ್ತರಗುಡುಕಿ ಕೆರೆ. ಹೊಸಬರು ಹೆಸರು ಕೇಳಿ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ರಕ್ತ ಹೀರುವ ಪಿಶಾಚಿಯೊಂದು ಹಗಲೆಲ್ಲ ನೀರಿನೊಳಗೆ ಮಲಗಿದ್ದು ಹೊತ್ತು ಮುಳುಗಿದ ಮೇಲೆ ಏಳುತ್ತಿತ್ತು ಎಂದು ಕೆಲವರು ಹೇಳುತ್ತಾರೆ. ಅದರ ಹಲ್ಲು ಮುಳ್ಳುಹಂದಿಯ ಮುಳ್ಳಿನಷ್ಟು ಉದ್ದವಿತ್ತು ಎನ್ನುವವರೂ ಇದ್ದಾರೆ. ಅದನ್ನು ಕಂಡವರು ಯಾರೂ ಇಲ್ಲ; ಕಂಡವರನ್ನು ಬಲ್ಲವರು ಬಹಳ. ಊರ ದನಗಾರರ ಮನೆಗಳಲ್ಲಿ ನಡೆದುಬಂದ ಕಥೆ ಬೇರೆ. ಅದರಲ್ಲಿ ಉದ್ದ ಹಲ್ಲಿನ ಮಾತಿಲ್ಲ. ನೆತ್ತರು ಹೀರಿದ್ದು ಮಾತ್ರ ನಿಜ ಎನ್ನುತ್ತಾರೆ.

ಹಿಂದೆ ಒಮ್ಮೆ, ಊರಿನಲ್ಲಿ ಚನ್ನವೀರಗೌಡನೆಂಬವನು ಗೌಡಿಕೆ ನಡೆಸುತ್ತಿದ್ದ ಕಾಲದಲ್ಲಿ, ಹೊಳೆವ್ವ ಎಂಬ ದನಗಾರರ ಹೆಣ್ಣುಮಗಳಿದ್ದಳು. ಗಂಡನ ಜೊತೆ ಎಮ್ಮೆ ಮೇಯಿಸುತ್ತಿದ್ದಳು. ಆರು ವರ್ಷದ ಮಗಳು ಸೂಗಿ ಕರುಗಳ ಹಿಂದೆ ಓಡಾಡುತ್ತಿದ್ದಳು. ಆ ದನಗಾರರಲ್ಲಿ ಒಂದು ನಡಾವಳಿಯಿತ್ತು. ಕೆರೆಗೆ ಬಂದರೆ ಬೊಗಸೆಯಲ್ಲಿ ನೀರು ಮೊಗೆಯುತ್ತಿರಲಿಲ್ಲ. ದನದ ಪಕ್ಕದಲ್ಲೇ ಮೊಣಕಾಲೂರಿ, ದನದ ಹಾಗೆಯೇ ಮೂತಿಯಿಟ್ಟು ಕುಡಿಯುತ್ತಿದ್ದರು. ಅನ್ನ ಕೊಡುವ ಜೀವದ ಸರಿಸಮನಾಗಿ ಬಗ್ಗಿದವರಿಗೆ ಗಂಗಮ್ಮ ಒಲಿಯುತ್ತಾಳೆ ಎಂಬ ನಂಬಿಕೆ. ಊರೊಳಗಿನ ಮನೆಗಳವರು ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದನ್ನು ಕಂಡು ದನಗಾರರು ಒಳಗೊಳಗೇ ನಗುತ್ತಿದ್ದರು.

ಪ್ರತಿ ಬೇಸಿಗೆಗೆ ಆ ಊರಿಗೆ ಸಂಕವ್ವ ಎಂಬಾಕೆ ಬರುತ್ತಿದ್ದಳು. ಕೊಂಬು ಹಾಕುವುದು ಅವಳ ಕಸುಬು. ನೋವಿರುವ ಕಡೆ ಚರ್ಮವನ್ನು ತುಸು ಗೀರಿ, ಹೋರಿಯ ಕೊಂಬಿನ ಅಗಲ ಬಾಯನ್ನು ಅಲ್ಲಿ ಒತ್ತಿ, ತುದಿಯ ತೂತಿನಿಂದ ಉಸಿರೆಳೆದು ಕೆಟ್ಟ ರಕ್ತ ತೆಗೆಯುತ್ತಿದ್ದಳು. ಊರಿನ ಅರ್ಧ ಬೆನ್ನುಗಳು ಅವಳ ಕೊಂಬಿನಿಂದಲೇ ನೆಟ್ಟಗಾಗಿದ್ದವು. ಆದರೆ ಮೂರು ವರ್ಷದಿಂದ ಅವಳು ಬಂದ ತಿಂಗಳಲ್ಲೇ ಎಮ್ಮೆಗಳ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಕಣ್ಣಿನೊಳಗಿನ ಕೆಂಪು ಆರಿ ಬಿಳಿಚಿಕೊಂಡು, ನಿಂತಲ್ಲೇ ಕುಸಿಯುತ್ತಿದ್ದವು. ದನಗಾರರ ಇಬ್ಬರು ಮಕ್ಕಳೂ ಹಾಗೆಯೇ ಹೋದರು. ನಾಲ್ಕನೆಯ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ಕೊಂಬಿನಿಂದ ಬಾಯಿ ತೆಗೆದ ಸಂಕವ್ವನ ತುಟಿಯ ಮೇಲೆ ನೆತ್ತರು ಕಂಡ ಹೊಳೆವ್ವ ಚೀರಿದಳು. ನೆತ್ತರಗುಡುಕಿ ಎಂದು ಮೊದಲು ಕೂಗಿದವಳು ಅವಳೇ. ಊರಿಗೆ ಅಷ್ಟು ಸಾಕಾಯಿತು. ಕೊಂಬುಗಳನ್ನು ಕಿತ್ತುಕೊಂಡು ಸಂಕವ್ವನನ್ನು ಚಾವಡಿಯ ಕಂಬಕ್ಕೆ ಕಟ್ಟಿದರು. ಮರುದಿನ ನಡುಹಗಲಿಗೆ ನಾಲಿಗೆಗೆ ಬರೆ ಎಳೆದು ಸೀಮೆ ದಾಟಿಸುವುದೆಂದು ತೀರ್ಮಾನವಾಯಿತು.

ಹೊಳೆವ್ವನಿಗೆ ಇದರಿಂದ ನೆಮ್ಮದಿ ಸಿಗಬೇಕಿತ್ತು. ಸಿಗಲಿಲ್ಲ. ಎಂಟು ದಿನದಿಂದ ಸೂಗಿಯ ಮೂಗಿನಿಂದಲೂ ರಕ್ತ ಇಳಿಯುತ್ತಿತ್ತು. ನೆತ್ತರಗುಡುಕಿಯನ್ನು ಕಟ್ಟಿಹಾಕಿದ ಮೇಲೂ ನಿಂತಿರಲಿಲ್ಲ. ಬೆಳಕು ಹರಿಯುತ್ತಲೇ ಅವಳು ಮಗಳನ್ನು ಎತ್ತಿಕೊಂಡು ಚಾವಡಿಗೆ ಹೋದಳು. ಬೈಯಲೆಂದು ಹೊರಟವಳು ಕಂಬದ ಮುಂದೆ ಸೆರಗೊಡ್ಡಿ ನಿಂತಳು.

“ನನ್ನ ಕೂಸಿನ್ನ ಬಿಡವ್ವಾ. ಬೇಕಾದ್ರ ನನ್ನ ನೆತ್ತರಾ ಕುಡಿ.”

“ನಿಂದ್ಯಾಕ ಕುಡೀಲಿ?” ಎಂದಳು ಸಂಕವ್ವ. “ನಾ ನೆತ್ತರಾ ಕುಡಿಯೋಳಾಗಿದ್ರ ನಿಮ್ಮ ಬಡಕಲ ಎಮ್ಮೀ ಹುಡುಕ್ಕೊಂಡು ಬರ್ತಿದ್ನೇನು? ತುಪ್ಪಾ ಉಂಡು ದುಂಡಗಾದ ಗೌಡ್ರು ಇಲ್ಲೇ ಅದಾರಲ್ಲ!” ಜಗುಲಿಯ ಮೇಲಿದ್ದ ಗೌಡ ಶಲ್ಯ ಸರಿಪಡಿಸಿಕೊಂಡ. ಸಂಕವ್ವ ಮಗುವನ್ನೇ ನೋಡುತ್ತಿದ್ದಳು. “ಎರಡೂ ಹೊಳ್ಳಿಯಿಂದ ಬರ್ತೈತೋ, ಒಂದರಿಂದೋ?”

“ಎಡಗಡೀದರಿಂದಷ್ಟ.”

“ಒಳಗ ಏನರೆ ಹರದಾಡ್ತೈತೇನ, ತಂಗೀ?”

ಸೂಗಿ ತಲೆಯಾಡಿಸಿದಳು. ಆ ಮಾತನ್ನು ಅವಳು ಮನೆಯಲ್ಲಿ ನಾಲ್ಕು ಸಲ ಹೇಳಿದ್ದಳು. ದೆವ್ವದ ಬೆರಳೆಂದು ಹೊಳೆವ್ವ ಬೂದಿ ಹಚ್ಚಿ ಸುಮ್ಮನಾಗಿದ್ದಳು. ಈಗ ಅದು ನೆನಪಾಗಿ ಅವಳು ಮಗಳ ಮೇಲಿನ ಬೂದಿಯನ್ನು ಸೆರಗಿನಿಂದ ಒರೆಸಿದಳು.

ಸಂಕವ್ವ ಗೌಡನ ಕಡೆ ತಿರುಗಿದಳು. ಹೋದ ಮೂರು ವರ್ಷದಲ್ಲಿ ಬಾವಿ ನೀರು ಕುಡಿಯುವ ಮನೆಯಲ್ಲಿ ಒಬ್ಬರಿಗಾದರೂ ಹೀಗಾಗಿದೆಯೇ ಎಂದು ಕೇಳಿದಳು. ಗೌಡ ಒಂದೊಂದೇ ಮನೆ ಎಣಿಸಿ ಇಲ್ಲವೆಂದ. ತಾನು ಬರುವ ತಿಂಗಳೇ ಕೆರೆ ಬತ್ತುವ ತಿಂಗಳೂ ಹೌದಲ್ಲವೇ ಎಂದಳು. ಹೌದೆಂದ. ನಡುಹಗಲವರೆಗೆ ಹೇಗೂ ವೇಳೆಯಿದೆ, ಕೈ ಬಿಚ್ಚಿಸಿ ಎಂದಳು. ಗೌಡ ಒಬ್ಬನೇ ನಿರ್ಧರಿಸಲಾರದೆ ಹೊಳೆವ್ವನ ಮುಖ ನೋಡಿದ. ದೂರು ಅವಳದು. ಹೊಳೆವ್ವ ತಾನೇ ಹೋಗಿ ಹಗ್ಗ ಬಿಚ್ಚಿದಳು.

ಸಂಕವ್ವ ಮಗುವಿಗೆ ಉಪ್ಪು ಹಚ್ಚಿ ಹುರಿದ ಕಡಲೆ ತಿನ್ನಿಸಿದಳು. ಒಂದು ಗುಟುಕು ನೀರು ಕೊಡಬೇಡಿರೆಂದಳು. ಬಿಸಿಲೇರಿತು. ಜನ ಸೇರಿತು, ಬರೆ ಹಾಕುವ ಕಬ್ಬಿಣ ಕುಲುಮೆಯಲ್ಲಿ ಕಾಯುತ್ತಿತ್ತು. “ಯವ್ವಾ, ನೀರಾ...” ಎಂದು ಸೂಗಿ ಅತ್ತಾಗ ಹೊಳೆವ್ವ ನೀರಿನ ಗಡಿಗೆಯತ್ತ ಕೈ ಚಾಚಿ, ಮತ್ತೆ ಹಿಂದೆಳೆದುಕೊಂಡಳು. ತಾನು ಶತ್ರುವೆಂದು ಹಿಡಿದುಕೊಟ್ಟ ಹೆಂಗಸಿನ ಮಾತಿಗೆ ತನ್ನ ಕೂಸನ್ನು ಬಾಯಾರಿಸಿ ಕೂರಿಸಿದ್ದಳು. ನಡುಹಗಲಿಗೆ ಸಂಕವ್ವ ಕಂಚಿನ ಬಟ್ಟಲಿನ ತುಂಬ ತಣ್ಣೀರು ತಂದು ಮಗುವಿನ ಮೂಗಿನ ಕೆಳಗೆ ಹಿಡಿದಳು. “ಕುಡಿಸಬ್ಯಾಡ. ಗಟ್ಯಾಗಿ ಹಿಡಕೋ. ಬಾಯಾರಿದ್ದು ಈ ಕೂಸಿಗೊಂದಕ್ಕ ಅಲ್ಲ.” ನೀರಿನ ತಂಪಿಗೆ ಹೊಳ್ಳೆಯಿಂದ ಕಪ್ಪಗಿನದೊಂದು ತುದಿ ಇಣುಕಿತು. ಒಳಗೆ ಹೋಯಿತು. ಮತ್ತೆ ಇಣುಕಿತು. ಸಂಕವ್ವ ಕದಲಲಿಲ್ಲ, ಬೂದಿಯಲ್ಲಿ ಅದ್ದಿದ ಬೆರಳುಗಳನ್ನು ಹಾಗೆಯೇ ಹಿಡಿದಿದ್ದಳು. ಮೂರನೆಯ ಸಲ ಅದು ನೀರಿಗಾಗಿ ಉದ್ದಕ್ಕೆ ಚಾಚಿಕೊಂಡಾಗ ಹಿಡಿದು, ಅವಸರಿಸದೆ ಎಳೆದಳು.

ಬಟ್ಟಲಿನಲ್ಲಿ ಬಿದ್ದದ್ದು ಒಂದು ಜಿಗಣೆ. ಉಪ್ಪು ಉದುರಿಸಿದಾಗ ಅದು ಮುದುಡಿ, ಕುಡಿದದ್ದನ್ನೆಲ್ಲ ಕಾರಿತು. ನೀರು ಕೆಂಪಾಯಿತು.

“ಇದಾ ನೋಡ್ರಿ ನಿಮ್ಮ ದೆವ್ವ,” ಎಂದಳು ಸಂಕವ್ವ. “ಹಲ್ಲು ಬಾಳ ಸಣ್ಣವು.”

ಆಮೇಲೆ ಒಂದೊಂದೇ ಎಮ್ಮೆಯನ್ನು ಬಾಯಾರಿಸಿ ನಿಲ್ಲಿಸಿ, ಮೂತಿಗೆ ನೀರು ತುಂಬಿದ ಬಾನಿ ಹಿಡಿದು, ಸಂಜೆಯೊಳಗೆ ಒಂದು ಗಡಿಗೆ ಜಿಗಣೆ ತೆಗೆದಳಂತೆ. ಬತ್ತಿದ ಕೆರೆಯ ಅಂಚಿನ ಕೆಸರಿನಲ್ಲಿ ಅವು ಎಳೆಗೂದಲಿನಷ್ಟು ಸಣ್ಣಗೆ ತುಂಬಿದ್ದವು; ಬಗ್ಗಿ ಕುಡಿದವರ ಮೂಗಿಗೆ ಏರಿ, ಅಲ್ಲೇ ನೆತ್ತರು ಕುಡಿದು ಬೆಳೆಯುತ್ತಿದ್ದವು. ಹೊಳೆವ್ವ ಅವಳ ಕಾಲು ಹಿಡಿದು, “ನಿನ್ನ ಹೆಸರು ಕೆಡಿಸಿದಾಕಿ ನಾನಽ” ಎಂದಳು. “ಕೂಗಿದಾಕಿ ನೀನು, ಕಟ್ಟಿದವರು ಇವರು. ನಿನ್ನ ಒಬ್ಬಾಕಿನ್ನ ಬೈದ್ರ ಅವ್ರು ಬ್ಯಾಸರಾ ಮಾಡ್ಕೋತಾರ, ಏಳು,” ಎಂದಳಂತೆ ಸಂಕವ್ವ.

ಗೌಡ ನಾಚಿ, ಕೆರೆಗೆ ಸಂಕವ್ವನ ಕೆರೆಯೆಂದು ಹೆಸರಿಡುತ್ತೇನೆ, ಏರಿಯ ಮೇಲೆ ಗುಡಿ ಕಟ್ಟಿಸುತ್ತೇನೆ ಎಂದ. ಅವಳು ಒಪ್ಪಲಿಲ್ಲ. “ಬ್ಯಾಡ್ರಿ. ನನ್ನ ಹೆಸರಿಟ್ರ ನಾಳೆ ಕಾಯಿ ಒಡದು, ಸಂಕವ್ವ ಕಾಯ್ತಾಳಂತ ಮತ್ತ ಮೂತಿ ಇಡ್ತೀರಿ. ನೆತ್ತರಗುಡುಕಿ ಅಂತನಽ ಇರಲಿ. ಆ ಹೆಸರು ಕೇಳಿದ ಕೂಸು ಬಗ್ಗೂ ಮುಂದ ಒಂದು ಸಲ ನೀರಾ ನೋಡ್ತೈತಿ.” ಗುಡಿಯ ಬದಲು ದನಗಳಿಗೆ ಕಲ್ಲಿನ ಬಾನಿ ಮಾಡಿಸಿ, ಸೋಸಿದ ನೀರು ತುಂಬಿಸಿ ಎಂದಳು. ದನಗಾರರು ತಮ್ಮ ನಡಾವಳಿ ಬಿಡಲಾರೆವೆಂದಾಗ, ಬಗ್ಗುವುದು ಬಿಡಬೇಡಿ, ಬಾನಿಯ ಮುಂದೆ ಬಗ್ಗಿ ಎಂದಳು.

ಇಂದು ಹೋದವರು ಏರಿಯ ಕೆಳಗೆ ಏಳು ಕಲ್ಲಿನ ಬಾನಿಗಳನ್ನು ಕಾಣುತ್ತಾರೆ. ಆರು ಎತ್ತರದವು. ಏಳನೆಯದು ಮೊಣಕಾಲಿನ ಮಟ್ಟದ್ದು, ಅಂಚು ನುಣುಪಾಗಿ ಸವೆದಿದೆ. ಅದರ ಬಾಯಿಗೆ ಒಗೆದ ಬಿಳಿ ಬಟ್ಟೆ ಬಿಗಿದಿರುತ್ತದೆ. ಬೇಸಿಗೆಯ ಮಧ್ಯಾಹ್ನ ದನಗಾರರ ಮಕ್ಕಳು ಎಮ್ಮೆಗಳ ಪಕ್ಕದಲ್ಲಿ ಮೊಣಕಾಲೂರಿ, ಆ ಬಟ್ಟೆಯ ಮೇಲಿಂದಲೇ ನೀರು ಹೀರುತ್ತಿರುತ್ತಾರೆ. ತಲೆ ಎತ್ತಿದಾಗ ಗಲ್ಲದಿಂದ ತೊಟ್ಟಿಕ್ಕುವುದು ಬರೀ ನೀರು.